ಗೋಡೆಯ ಮೇಲಿನವು, ಕುರ್ಚಿಯ ಅಡಿಯವು

ಜೇಡದ ಗುರುತು ಹಿಡಿಯಬೇಕಾದರೆ ಅದು ಕೂತ ಜಾಗವನ್ನೂ ಕೂತ ಬಗೆಯನ್ನೂ ಮೊದಲು ನೋಡಬೇಕು. ಬಣ್ಣದ ಮಾತು ಆಮೇಲೆ. ಕಂದು, ಬೂದು, ಮಣ್ಣುಬಣ್ಣ: ಮನೆಯೊಳಗಿನ ಜೇಡಗಳಲ್ಲಿ ಮುಕ್ಕಾಲುಪಾಲು ಇಷ್ಟರಲ್ಲೇ ಮುಗಿಯುತ್ತವೆ. ಬಲೆಯಿಲ್ಲದೆ ಗೋಡೆಗೆ ಅಂಟಿಕೊಂಡು ಕೂತಿದೆಯೋ, ಮೂಲೆಯ ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿದೆಯೋ, ಹಗಲು ಕಂಡಿತೋ ರಾತ್ರಿ ಕಂಡಿತೋ, ಟಾರ್ಚಿನ ಬೆಳಕು ಬಿದ್ದಾಗ ಓಡಿತೋ ಅಲ್ಲೇ ನಿಂತಿತೋ, ಇಷ್ಟನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ. ಉಳಿದರ್ಧಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು, ಏಕೆಂದರೆ ಒಮ್ಮೊಮ್ಮೆ ಕಣ್ಣು ಎಣಿಸಬೇಕಾಗುತ್ತದೆ.

ಈ ಟಿಪ್ಪಣಿಗಳು ಎರಡು ಮನೆಗಳವು. ಒಂದು ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆ. ಮುಂದೆ ಜಗಲಿ, ಹಿಂದೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ, ಅಂಗಳ ದಾಟಿದರೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಇನ್ನೊಂದು ಬೆಂಗಳೂರಿನಲ್ಲಿ ತಂಗಿ ಇರುವ ಮೂರನೇ ಮಹಡಿಯ ಫ್ಲಾಟು. ಅಷ್ಟು ಎತ್ತರಕ್ಕೆ ಜೇಡ ಎಲ್ಲಿ ಬರುತ್ತದೆ ಎಂದು ಕೇಳುವವರಿದ್ದಾರೆ. ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿಬರುತ್ತವೆ. ದೊಡ್ಡವು ಕುರ್ಚಿ, ಹೂಕುಂಡ, ರಟ್ಟಿನ ಪೆಟ್ಟಿಗೆಗಳ ಜೊತೆ ಲಿಫ್ಟಿನಲ್ಲೇ ಬರುತ್ತವೆ.

2022ರ ಏಪ್ರಿಲ್‌ನಲ್ಲಿ ಜಗತ್ತಿನ ಜೇಡಗಳ ಪಟ್ಟಿ 50,000 ಪ್ರಭೇದ ಮುಟ್ಟಿತು. ನಮ್ಮ ದೇಶದಲ್ಲಿ ಗುರುತಾದವು ಸುಮಾರು 1,900. ಒಂದು ಸಣ್ಣ ಕುಟುಂಬ ಬಿಟ್ಟರೆ ಹೆಚ್ಚುಕಡಿಮೆ ಎಲ್ಲಕ್ಕೂ ವಿಷದ ಗ್ರಂಥಿ ಇದೆ. ಆದ್ದರಿಂದ ‘ಇದು ವಿಷದ್ದಾ?’ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ಹೌದೇ. ಆ ವಿಷ ಮನುಷ್ಯನ ಮೈಯಲ್ಲಿ ಏನಾದರೂ ಮಾಡುತ್ತದೆಯೇ, ಅದರ ಹಲ್ಲು ನಮ್ಮ ಚರ್ಮ ದಾಟುತ್ತದೆಯೇ, ದಾಟುವಂಥ ಸಂದರ್ಭ ಮನೆಯಲ್ಲಿ ಬರುತ್ತದೆಯೇ ಎಂದು ಕೇಳತೊಡಗಿದರೆ ಪಟ್ಟಿ ಬಹಳ ಬೇಗ ಕಿರಿದಾಗುತ್ತದೆ.

ಮೊದಲು ಬಚ್ಚಲು. ಜೂನ್ ಕೊನೆ, ಮಳೆ ಹಿಡಿದ ರಾತ್ರಿ, ಹಂಡೆ ಒಲೆಯ ಹಿಂದಿನ ಗೋಡೆ. ಅಂಗೈ ಅಗಲದ ಜೇಡ. ಕಾಲುಗಳು ಏಡಿಯ ಹಾಗೆ ಅಡ್ಡಕ್ಕೆ ಚಾಚಿವೆ, ಮೈ ಗೋಡೆಗೆ ಒತ್ತಿಕೊಂಡಿದೆ. ಕಣ್ಣುಗಳ ಕೆಳಗೆ ಮೀಸೆಯಂತೆ ಒಂದು ತೆಳುಹಳದಿ ಪಟ್ಟಿ. ಇದು ಹಂಟ್ಸ್‌ಮನ್, ಲಿನೇಯಸ್ 1767ರಲ್ಲೇ ಹೆಸರಿಟ್ಟ ಹೆಟೆರೊಪೋಡಾ ವೆನಟೋರಿಯಾ. ಹಡಗುಗಳ ಸರಕಿನೊಡನೆ ಉಷ್ಣವಲಯದ ಊರುಗಳಿಗೆಲ್ಲ ಹರಡಿದ ಪ್ರಾಣಿ. ಬಲೆ ಕಟ್ಟುವುದಿಲ್ಲ. ಕಾಯುತ್ತದೆ, ಜಿರಳೆ ಬಂದಾಗ ಹಾರಿ ಹಿಡಿಯುತ್ತದೆ. ನಾನು ಟಾರ್ಚು ಆರಿಸಿ, ಒಲೆಯ ಕೆಂಡದ ಬೆಳಕಿನಲ್ಲೇ ನೋಡುತ್ತ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಜಿರಳೆಯೊಂದು ಚರಂಡಿ ಕಿಂಡಿಯಿಂದ ಮೀಸೆ ಆಡಿಸುತ್ತ ಹೊರಬಂತು. ಜೇಡದ ಮುಂಗಾಲು ಒಂದು ಮಾತ್ರ ಅಲುಗಿತು. ಮುಂದಿನದು ನನಗೆ ಕಾಣಲೇ ಇಲ್ಲ. ಕಂಡದ್ದು ಜಿರಳೆ ಅದರ ಬಾಯಲ್ಲಿ ಇದ್ದದ್ದು.

ಹಿಂದಿನಿಂದ ದೊಡ್ಡಮ್ಮ ಕೇಳಿದರು: “ಹುಡುಗ್ರು ಸ್ನಾನಕ್ಕೆ ಹೋಗೋ ಜಾಗ ಮಾರಾಯ. ಹೊಡೆದು ಹಾಕಬಾರ್ದಾ ಅದನ್ನ?”

“ಜಿರಳೆ ತಿನ್ನುತ್ತೆ ದೊಡ್ಡಮ್ಮ.”

“ಜಿರಳೆ ಕಚ್ಚಲ್ವಲ್ಲ!”

ಅವರ ತರ್ಕಕ್ಕೆ ಎದುರಾಡುವುದು ಕಷ್ಟ. ಹಂಟ್ಸ್‌ಮನ್ ಕಚ್ಚುವುದಂತೂ ನಿಜ, ಕೈಯಲ್ಲಿ ಒತ್ತಿ ಹಿಡಿದರೆ, ಅಥವಾ ಮೊಟ್ಟೆ ಹೊತ್ತ ಹೆಣ್ಣನ್ನು ಕೆಣಕಿದರೆ. ನೋವು, ಒಂದಿಷ್ಟು ಊತ, ಮರುದಿನಕ್ಕೆ ಇಳಿಯುತ್ತದೆ. ಹೊಟ್ಟೆಯ ಕೆಳಗೆ ದುಂಡನೆಯ ಚಪ್ಪಟೆ ಬಿಲ್ಲೆಯೊಂದನ್ನು ಅವಚಿಕೊಂಡು ಓಡಾಡುವ ಹೆಣ್ಣು ಕಂಡರೆ ಅದು ಮೊಟ್ಟೆ ಚೀಲ. ಒಳಗೆ ನೂರಾರು ಮೊಟ್ಟೆ. ಆಗ ದೂರ ಇರುವುದು ಮೇಲು. ಇದರ ಮೇಲೆ ಸ್ಪ್ರೇ ಹೊಡೆಯುವುದಂತೂ ಬೇಡ. ದಿಕ್ಕು ತಪ್ಪಿ ಮನುಷ್ಯರ ಕಡೆಗೇ ಓಡಿಬರುತ್ತದೆ, ಮನೆಯಲ್ಲಿ ಎದ್ದ ಗಲಾಟೆ ರಾತ್ರಿಯಿಡೀ ತಣಿಯುವುದಿಲ್ಲ.

ಮೂಲೆಗಳ ವಿಚಾರ ಬೇಗ ಮುಗಿಯುತ್ತದೆ. ಜಂತಿಯ ಸಂದಿ, ಅಟ್ಟದ ಏಣಿಯ ಹಿಂದೆ, ಫ್ಲಾಟಿನ ಬಾತ್‌ರೂಮಿನ ಮೇಲ್ಮೂಲೆ, ಎಲ್ಲೆಲ್ಲೂ ನೂಲಿನಷ್ಟು ತೆಳುವಾದ ಉದ್ದ ಕಾಲಿನ ಜೇಡ, ಅಡ್ಡಾದಿಡ್ಡಿ ಬಲೆ. ದೀಪಾವಳಿಗೂ ಯುಗಾದಿಗೂ ಉದ್ದ ಕೋಲಿಗೆ ಪೊರಕೆ ಕಟ್ಟಿ ನಾವು ತೆಗೆಯುವುದು ಹೆಚ್ಚಾಗಿ ಇವುಗಳ ಬಲೆಯನ್ನೇ. ಮುಟ್ಟಿದರೆ ಮೈಯನ್ನು ಗರಗರ ತಿರುಗಿಸಿ ಕಣ್ಣಿಗೆ ಮಸುಕಾಗಿಬಿಡುತ್ತವೆ. ಹೆಣ್ಣು ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ‘ಜಗತ್ತಿನಲ್ಲೇ ಅತಿ ವಿಷದ ಜೇಡ, ಹಲ್ಲು ಗಿಡ್ಡವಾದ್ದರಿಂದ ನಾವು ಬದುಕಿದ್ದೇವೆ’ ಎಂಬ ವಾಟ್ಸಾಪ್ ಪುರಾಣ ಈ ಬಡಪಾಯಿಯ ಕುರಿತದ್ದೇ, ಅದರಲ್ಲಿ ಹುರುಳಿಲ್ಲ. ಇದರ ನಿಜವಾದ ಪರಾಕ್ರಮ ಬೇರೆ. ತನಗಿಂತ ದಪ್ಪನೆಯ ಜೇಡ ಬಲೆಗೆ ಕಾಲಿಟ್ಟರೆ, ದೂರ ನಿಂತು ಹಿಂಗಾಲುಗಳಿಂದ ನೂಲೆಸೆದು ಕಟ್ಟಿಹಾಕಿ ತಿನ್ನುತ್ತದೆ. ಮನೆಯಲ್ಲಿ ಜೇಡ ಕಡಿಮೆಯಾಗಬೇಕು ಎನ್ನುವವರು ಒಂದೆರಡು ಮೂಲೆಯನ್ನು ಇದಕ್ಕೆ ಬಿಡಬಹುದು.

ಸುಣ್ಣದ ಗೋಡೆಗೆ ಅಂಟಿದ ಬಟನ್ನಿನಷ್ಟು ಬಿಳಿ ತೇಪೆಗಳ ಅಡಿಯಲ್ಲಿ ಎರಡು ಮೂರು ಮಿಲಿಮೀಟರ್‌ನ ಈಕೋಬಿಯಸ್ ಜೇಡ ಇರುತ್ತದೆ, ಇರುವೆ ತಿಂದು ಬದುಕುತ್ತದೆ. ಹಗಲಲ್ಲಿ ಕಿಟಕಿ ಸರಳಿನ ಮೇಲೆ ಕುಪ್ಪಳಿಸಿ, ತಲೆ ತಿರುಗಿಸಿ ನಮ್ಮನ್ನೇ ನೋಡುವುದು ನೆಗೆಯುವ ಜೇಡ. ಮುಂದಿನ ಎರಡು ಕಣ್ಣು ದೊಡ್ಡವು. ಸೊಳ್ಳೆ, ನೊಣ ಹಿಡಿಯುವುದರಲ್ಲಿ ನಿಸ್ಸೀಮ. ಕೊಟ್ಟಿಗೆಯ ಕತ್ತಲಲ್ಲಿ ಅಡ್ಡಲಾಗಿ ಹರವಿದ ದುಂಡು ಬಲೆಯ ಕೆಳಗೆ ತೂಗುವ, ಕಾಲಿಗೆ ಬಿಳಿ ಪಟ್ಟಿಯಿರುವ ಜೋಸಿಸ್ ಎಂಬುದೊಂದಿದೆ. ವಿಷದ ಗ್ರಂಥಿಯೇ ಇಲ್ಲದ ಆ ಸಣ್ಣ ಕುಟುಂಬದ್ದು. ಸಿಕ್ಕಿದ ನೊಣವನ್ನು ಕಚ್ಚಿ ಸುಮ್ಮನಾಗಿಸಲಾರದು, ಆದ್ದರಿಂದ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ನೋಡುವವರಿಗೆ ಆಕಳಿಕೆ ಬರಬೇಕು.

ಭೂತಗನ್ನಡಿ ತೆಗೆಯಬೇಕಾದ ಜೇಡ ಸಿಕ್ಕಿದ್ದು ತಂಗಿಯ ಮನೆಯಲ್ಲಿ, ದೇವರ ಫೋಟೋದ ಹಿಂದೆ. ಅವಳು ಮೊಬೈಲಿನಲ್ಲಿ ಚಿತ್ರ ಕಳಿಸಿದ್ದಳು: “ಅಣ್ಣ, ಫೋನು ಇದನ್ನ ರೆಕ್ಲೂಸ್ ಅಂತಿದೆ. ಮಾಂಸ ಕೊಳೆಯುತ್ತಂತೆ. ನಿಜವಾ?” ಭಯಕ್ಕೆ ಕಾರಣ ಇಲ್ಲದಿಲ್ಲ. ಲೋಕ್ಸೋಸಿಲೀಸ್ ಎಂಬ ಈ ರೆಕ್ಲೂಸ್ ಗುಂಪಿನ, ಮೆಡಿಟರೇನಿಯನ್ ಕಡೆಯ ಒಂದು ಪ್ರಭೇದ ಭಾರತದಲ್ಲೂ ಕೆಲವೆಡೆ ದಾಖಲಾಗಿದೆ. ಕಚ್ಚಿದಾಗ ನೋವು ಅಷ್ಟಾಗಿ ಇರುವುದಿಲ್ಲ. ಗಂಟೆಗಳ ಮೇಲೆ ಗುಳ್ಳೆ ಏಳುತ್ತದೆ, ನಡುವೆ ಬಿಳಚಿ, ಸುತ್ತ ಕೆಂಪಾಗುತ್ತದೆ. ಬಹುಪಾಲು ತಾನಾಗಿ ವಾಸಿಯಾಗುತ್ತದೆ, ಕೆಲವರಲ್ಲಿ ಮಾತ್ರ ಆ ಜಾಗದ ಚರ್ಮ ಸತ್ತು ಹುಣ್ಣಾಗುತ್ತದೆ.

ಬೆಂಗಳೂರಿಗೆ ಹೋದಾಗ ಆ ಫೋಟೋವನ್ನು ಮೆಲ್ಲಗೆ ಸರಿಸಿ ನೋಡಿದೆ. ಜೇಡ ಓಡಲಿಲ್ಲ, ಒಂದೊಂದೇ ಕಾಲೆತ್ತಿ, ಯಾವ ಅವಸರವೂ ಇಲ್ಲದೆ ನಡೆಯಿತು. ಇದೇ ಮೊದಲ ಸುಳಿವು, ಏಕೆಂದರೆ ರೆಕ್ಲೂಸ್ ಬೆಳಕು ಬಿದ್ದರೆ ಸಂದಿ ಹುಡುಕಿ ಓಡುತ್ತದೆ. ಗಾಜಿನ ಲೋಟದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕಣ್ಣು ಆರು, ಎರಡೆರಡರಂತೆ ಮೂರು ಜೋಡಿ. ಹೆಚ್ಚಿನ ಜೇಡಗಳಿಗೆ ಎಂಟು. ರೆಕ್ಲೂಸಿಗೂ ಹೀಗೇ ಮೂರು ಜೋಡಿ ಇರುವುದರಿಂದ, ಕಣ್ಣೆಣಿಸಿ ಅಲ್ಲಿಗೇ ನಿಲ್ಲಿಸಿದವರು ಬೆಚ್ಚಿಬೀಳುತ್ತಾರೆ. ಪಕ್ಕದಿಂದ ನೋಡಬೇಕು. ಇದರ ತಲೆ-ಎದೆಯ ಭಾಗ ಹಿಂದಕ್ಕೆ ಹೋಗುತ್ತ ಉಬ್ಬಿ ಗುಡ್ಡೆಯಾಗಿತ್ತು, ಮೈತುಂಬ ಕಪ್ಪು ಮಚ್ಚೆ, ಕಾಲಿಗೆ ಪಟ್ಟೆ. ರೆಕ್ಲೂಸಿನದು ಚಪ್ಪಟೆ, ಮುಂಭಾಗದಲ್ಲಿ ಪಿಟೀಲಿನ ಆಕಾರದ ಗಾಢ ಗುರುತು, ಕಾಲಿಗೆ ಪಟ್ಟೆಯೂ ಇಲ್ಲ, ದಪ್ಪ ಮುಳ್ಳುಗಳೂ ಇಲ್ಲ, ಒಂದೇ ಕಂದು. ಪಿಟೀಲೊಂದನ್ನೇ ನಂಬಿದರೂ ಮೋಸವಾದೀತು, ಏಕೆಂದರೆ ಮೂಲೆಯ ಉದ್ದಕಾಲಿನವುಗಳ ಬೆನ್ನಿನ ಮೇಲೂ ಪಿಟೀಲು ಕಾಣುವವರಿದ್ದಾರೆ. ಕಣ್ಣು, ಕಾಲು, ಮೈಯ ಎತ್ತರ ಮೂರೂ ಒಟ್ಟಿಗೆ ಹೊಂದಬೇಕು.

ತಂಗಿಯ ಮನೆಯದು ಸೈಟೋಡಿಸ್, ಉಗುಳುವ ಜೇಡ. ಆ ಉಬ್ಬಿನೊಳಗೆ ವಿಷವೂ ಅಂಟೂ ತುಂಬಿದ ದೊಡ್ಡ ಗ್ರಂಥಿಗಳಿವೆ. ಲೋಟದೊಳಕ್ಕೆ ಒಂದು ಸಣ್ಣ ನೊಣ ಬಿಟ್ಟೆವು. ಜೇಡ ಮುಂಗಾಲಿನಿಂದ ದೂರ ಅಳೆಯುವಂತೆ ತಡವಿತು, ಮೈ ಒಮ್ಮೆ ಅದುರಿತು. ನೊಣದ ಮೇಲೆ ಎರಡು ಗೆರೆಗಳಲ್ಲಿ ಅಂಕುಡೊಂಕಾದ ಅಂಟುನೂಲು ಬಿದ್ದು, ಅದು ಗಾಜಿಗೆ ಹೊಲಿದಂತಾಯಿತು. “ಇದು ನಮ್ಮ ಮೇಲೆ ಉಗುಳಿದ್ರೆ?” ಎಂದಳು ತಂಗಿ. ಉಗುಳಿದರೆ ಒರೆಸಿಕೊಳ್ಳಬೇಕು, ಅಷ್ಟೆ.

ರೆಕ್ಲೂಸ್ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಅಮೆರಿಕದ ಕ್ಯಾನ್ಸಸ್‌ನ ಒಂದು ಮನೆ. ಅಲ್ಲಿನ ಕಂದು ರೆಕ್ಲೂಸ್ ನಮ್ಮಲ್ಲಿಲ್ಲದ, ಆದರೆ ಇದೇ ಕುಲದ ಜೇಡ. ಆ ಮನೆಯವರು ಆರು ತಿಂಗಳಲ್ಲಿ ಹಿಡಿದ ಮತ್ತು ಕೊಂದ ರೆಕ್ಲೂಸ್‌ಗಳ ಲೆಕ್ಕ 2,055. ವರ್ಷಗಳಿಂದ ಅಲ್ಲೇ ವಾಸವಿದ್ದ ಕುಟುಂಬದಲ್ಲಿ ಒಬ್ಬರಿಗೂ ಕಚ್ಚಿದ ಲಕ್ಷಣ ಇರಲಿಲ್ಲ. 2002ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ಜೇಡ ಇರುವುದು ಬೇರೆ, ಜೇಡ ನಮ್ಮ ಮೈಗೂ ಬಟ್ಟೆಗೂ ನಡುವೆ ಸಿಕ್ಕಿಕೊಳ್ಳುವುದು ಬೇರೆ. ಮಡಿಸಿಟ್ಟು ತಿಂಗಳಾದ ಅಂಗಿ, ಮೂಲೆಯ ಶೂ, ನೆಲದ ಮೇಲೆ ಬಿಟ್ಟ ಟವೆಲು, ಅಪಾಯ ಇರುವುದು ಅಲ್ಲಿ.

ಅದೇ ಫ್ಲಾಟಿನ ಬಾಲ್ಕನಿಯಲ್ಲಿ ನಾನು ನಿಜಕ್ಕೂ ಕೈ ಹಿಂದೆಗೆದುಕೊಂಡ ಜೇಡವೂ ಇತ್ತು. ಮಳೆಗೆ ನೆನೆದು ಬಣ್ಣಗೆಟ್ಟ ಪ್ಲಾಸ್ಟಿಕ್ ಕುರ್ಚಿ. ಮೇಲಿನಿಂದ ಏನೂ ಇಲ್ಲ. ತಲೆಕೆಳಗು ಮಾಡಿದರೆ, ಕೂರುವ ಜಾಗದ ಅಡಿಯ ಪಟ್ಟಿಗಳ ನಡುವೆ ಗೋಜಲಾದ, ಎಳೆದರೆ ಚಟ್ಟನೆ ಹರಿಯುವ ಗಟ್ಟಿ ನೂಲಿನ ಬಲೆ. ಅದರಲ್ಲಿ ದತ್ತೂರಿ ಕಾಯಿಯನ್ನು ಬಟಾಣಿಯಷ್ಟಕ್ಕೆ ಕುಗ್ಗಿಸಿದಂಥ, ಮೈಯೆಲ್ಲ ಮುಳ್ಳೆದ್ದ ಕೆನೆಬಣ್ಣದ ಉಂಡೆಗಳು. ಈ ಮುಳ್ಳುಂಡೆ ಕಂಡರೆ ಜೇಡವನ್ನು ಹುಡುಕುವ ಮೊದಲೇ ಹೆಸರು ಹೇಳಬಹುದು: ಕಂದು ವಿಧವೆ, ಲ್ಯಾಟ್ರೊಡೆಕ್ಟಸ್ ಜಿಯೊಮೆಟ್ರಿಕಸ್. ಸಿ. ಎಲ್. ಕೋಖ್ 1841ರಲ್ಲಿ ವಿವರಿಸಿದ ಈ ಜೇಡ ಈಗ ಬಿಸಿನಾಡುಗಳ ನಗರಗಳಲ್ಲೆಲ್ಲ ಮನುಷ್ಯನ ಸಾಮಾನಿನೊಡನೆ ನೆಲೆಸಿದೆ. ಹೆಣ್ಣು ಮೂಲೆಯಲ್ಲಿ ಕಾಲು ಮಡಿಸಿ ಅಡಗಿತ್ತು. ಹೊಟ್ಟೆ ದುಂಡಗೆ, ಬೂದುಗಂದು, ಮೇಲೆ ಬಿಳಿ-ಕಪ್ಪು ಚುಕ್ಕಿಗಳ ಚಿತ್ತಾರ, ಕಾಲಿಗೆ ಗಾಢ ಪಟ್ಟೆ. ಬೆನ್ನು ನೋಡಿ ಯಾರೂ ಹೆದರರು. ಟಾರ್ಚನ್ನು ಕೆಳಗಿನಿಂದ ಹಿಡಿದಾಗ ಹೊಟ್ಟೆಯ ಅಡಿಯಲ್ಲಿ ಡಮರುವಿನ ಆಕಾರದ ಕಿತ್ತಳೆ ಗುರುತು ಹೊಳೆಯಿತು.

ವಿಧವೆ ಜೇಡಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ಕಂದು ವಿಧವೆ ಚುಚ್ಚುವ ಪ್ರಮಾಣ ಕಡಿಮೆ, ಸ್ವಭಾವವೂ ಪುಕ್ಕಲು. ಸಾಮಾನ್ಯವಾಗಿ ಕಚ್ಚಿದ ಜಾಗದ ನೋವಿನಲ್ಲೇ ಮುಗಿಯುತ್ತದೆ. ಇದರ ಹತ್ತಿರದ ಬಂಧು, ಕೆಂಪು ಗುರುತಿನ ವಿಧವೆ, ಹೆಚ್ಚು ಗಂಭೀರ. 2001ರಲ್ಲಿ ಗುಜರಾತಿನ ಬರೋಡಾ (ವಡೋದರಾ) ಜಿಲ್ಲೆಯ ಹತ್ತಿ ಹೊಲವೊಂದರಲ್ಲಿ ಅದು ಕಂಡದ್ದು ವಿಜ್ಞಾನ ಪತ್ರಿಕೆಗೆ ಸುದ್ದಿಯಾಗುವಷ್ಟು ಅಪರೂಪ. ಅದು ಬಯಲಿನದು, ಕಲ್ಲಿನ ಅಡಿಯದು, ಅಡುಗೆಮನೆಗೆ ಬರುವುದಿಲ್ಲ. ಕಂದು ವಿಧವೆ ಬರುವುದೂ ಹೊಸ್ತಿಲ ತನಕ: ಮೀಟರ್ ಪೆಟ್ಟಿಗೆ, ಗೇಟಿನ ಕೊಳವೆ, ಹೂಕುಂಡದ ಅಂಚಿನ ಕೆಳಗೆ, ಪಾರ್ಕಿನ ಬೆಂಚು, ಸ್ಕೂಟರಿನ ಸೀಟಿನ ಅಡಿ. ಕುರ್ಚಿಯನ್ನು ಅಂಚು ಹಿಡಿದು ಎಳೆಯುವಾಗ ನಮ್ಮ ಬೆರಳು ಹೋಗುವುದು ಸರಿಯಾಗಿ ಅದರ ಮನೆಯೊಳಕ್ಕೇ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಗೋಡೆಯ ಜೇಡದ ಮೇಲೆ ಕೋಪ ತೀರಿಸಿಕೊಳ್ಳುವ ಬದಲು ಹದಿನೈದು ದಿನಕ್ಕೊಮ್ಮೆ ಕುರ್ಚಿಗಳನ್ನು ತಲೆಕೆಳಗು ಮಾಡಿ.

ಮುಳ್ಳುಂಡೆಗಳನ್ನು ಗುಡಿಸಿ ಕಿಟಕಿಯಾಚೆ ಎಸೆದರೆ ಉಪಯೋಗವಿಲ್ಲ. ಒಂದೊಂದರಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆ ಇರುತ್ತದೆ, ಕೆಳಗಿನ ಮನೆಯವರಿಗೆ ಹಂಚಿದಂತಾಗುತ್ತದೆ. ದಪ್ಪ ಕೈಗವಸು ಹಾಕಿ ಕಡ್ಡಿಯಿಂದ ಬಿಡಿಸಿ, ಸೋಪಿನ ನೀರಿನ ಡಬ್ಬಿಗೆ ಹಾಕಿ ಮುಚ್ಚಿದೆವು. ಹೆಣ್ಣನ್ನೂ ಕೊಂದೆ. ಜೇಡ ಕೊಲ್ಲುವುದು ನನಗೆ ಇಷ್ಟದ ಕೆಲಸವಲ್ಲ, ಆದರೆ ಎಲ್ಲಿಂದಲೋ ಬಂದು ನೆಲೆಸಿದ, ಮಕ್ಕಳು ಕೂರುವ ಕುರ್ಚಿಯಲ್ಲಿರುವ ವಿಧವೆಗೆ ರಿಯಾಯಿತಿ ಕೊಡಲಾರೆ.

ಮಲೆನಾಡಿಗೆ ಮರಳಿದರೆ ಇನ್ನೊಂದನ್ನು ಹೇಳಲೇಬೇಕು. ಮರದ ಪೊಟರೆಯಲ್ಲಿ ವಾಸಿಸುವ, ರೋಮ ತುಂಬಿದ ದೊಡ್ಡ ಟರಾಂಟುಲಾಗಳು ಪಶ್ಚಿಮಘಟ್ಟದವೇ. ಪೊಕಾಕ್ 1895ರಲ್ಲಿ ವಿವರಿಸಿದ ಪೊಯ್ಸಿಲೊಥೇರಿಯಾ ಸ್ಟ್ರಯಾಟಾಕ್ಕೆ ಇಂಗ್ಲಿಷಿನಲ್ಲಿ ಮೈಸೂರಿನ ಹೆಸರೇ ಇದೆ. ಜೋರು ಮಳೆಯಲ್ಲಿ ಒಮ್ಮೊಮ್ಮೆ ಜಂತಿಯ ಸಂದಿಗೆ, ಬಾಗಿಲ ಚೌಕಟ್ಟಿನ ಹಿಂದಕ್ಕೆ ಬಂದು ಸೇರುತ್ತವೆ. ಹತ್ತಿರ ಹೋದರೆ ಮುಂಗಾಲು ಎತ್ತಿ ಅಡಿಯ ಹಳದಿ ತೋರಿಸುತ್ತದೆ, ಅದು ಎಚ್ಚರಿಕೆ. ಕಚ್ಚಿದರೆ ತೀವ್ರ ನೋವು, ಮಾಂಸಖಂಡಗಳ ಸೆಳೆತ, ಕೆಲವರಿಗೆ ದಿನಗಳ ಮೇಲೆ ಮತ್ತೆ ಮರುಕಳಿಸಿದ್ದೂ ಉಂಟು. ಹಂಟ್ಸ್‌ಮನ್ ಚಪ್ಪಟೆ, ಹಗುರ, ಶರವೇಗದ್ದು. ಇದು ದಪ್ಪ, ಕಾಲು ತೋರ, ಕಾಲ ತುದಿ ಬ್ರಷ್ಷಿನಂತೆ. ಬಕೆಟ್ಟು ಕವುಚಿ, ಅಡಿಗೆ ರಟ್ಟು ತೂರಿಸಿ, ತೋಟದ ಹಳೆಯ ಹಲಸಿನ ಮರದ ಬುಡಕ್ಕೆ ಬಿಟ್ಟುಬರುವುದು ನಮ್ಮ ಮನೆಯ ಪದ್ಧತಿ. ಇವು ಈ ನೆಲದವೇ, ಕಾಡು ಕಡಿಮೆಯಾದಂತೆ ಅಪರೂಪವಾಗುತ್ತಿರುವವು.

ಇಷ್ಟೆಲ್ಲ ಬರೆದರೂ ಆಗಸ್ಟ್ ತಿಂಗಳಲ್ಲಿ ನಮ್ಮೂರಿನ ಮನೆಮನೆಯಲ್ಲಿ ಕೇಳುವ ದೂರು ಬೇರೆಯೇ: “ಜೇಡ ಉಚ್ಚೆ ಹೊಯ್ದಿದೆ.” ಬೆಳಿಗ್ಗೆ ಏಳುವಾಗ ಕತ್ತಿನ ಮೇಲೋ ಕಣ್ಣಿನ ಪಕ್ಕವೋ ಚಾಟಿಯಲ್ಲಿ ಬಾರಿಸಿದಂಥ ಕೆಂಪು ಗೆರೆ, ಉರಿ, ಮೇಲೆ ಸಣ್ಣ ಗುಳ್ಳೆಗಳ ಸಾಲು. ಮೊಣಕೈ ಮಡಿಕೆಯಲ್ಲಾದರೆ ಎದುರುಬದುರು ಎರಡು ಗುರುತು. ಜೇಡಕ್ಕೆ ಇದರ ಸಂಬಂಧವೇ ಇಲ್ಲ. ಇದು ಪೀಡೆರಸ್ ಎಂಬ ಜೀರುಂಡೆ ಜಾತಿಯ ಹುಳದ ಕೆಲಸ. ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದ, ಕಿತ್ತಳೆ-ಕಪ್ಪು ಪಟ್ಟೆ, ಬೆನ್ನಿನ ನಡುವೆ ಮಾತ್ರ ಗಿಡ್ಡನೆಯ ನೀಲಿ-ಹಸಿರು ರೆಕ್ಕೆಕವಚ, ಬಾಲ ಮೇಲೆತ್ತಿ ಇರುವೆಯ ಹಾಗೆ ಓಡುತ್ತದೆ. ಗದ್ದೆಯಲ್ಲಿ ಭತ್ತದ ಕೀಟಗಳನ್ನು ತಿನ್ನುವ ಉಪಕಾರಿ, ರಾತ್ರಿ ಬಿಳಿ ಟ್ಯೂಬ್‌ಲೈಟಿಗೆ ಬಂದು ಹಾಸಿಗೆಗೆ ಬೀಳುತ್ತದೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ನಿದ್ದೆಗಣ್ಣಲ್ಲಿ ನಾವು ಅದನ್ನು ಮೈಮೇಲೆ ಹೊಸಕಿದಾಗ ಒಳಗಿನ ರಸ ತಾಗುತ್ತದೆ. ಅದರಲ್ಲಿರುವ ಪೀಡೆರಿನ್ ಎಂಬ ವಿಷವನ್ನು ತಯಾರಿಸುವುದು ಹುಳವೂ ಅಲ್ಲ, ಅದರ ಮೈಯಲ್ಲಿರುವ ಬ್ಯಾಕ್ಟೀರಿಯಾ. ಗುಳ್ಳೆ ಏಳುವುದು ಒಂದೆರಡು ದಿನದ ಮೇಲಾದ್ದರಿಂದ ಹುಳ ಯಾರ ನೆನಪಿನಲ್ಲೂ ಇರುವುದಿಲ್ಲ; ತಲೆಯೆತ್ತಿ ನೋಡಿದರೆ ಕಾಣುವುದು ಮೂಲೆಯ ಜೇಡ. ಆಪಾದನೆ ಅಲ್ಲಿಗೇ ಹೋಗುತ್ತದೆ. ಮೈಮೇಲೆ ಇದು ಕಂಡರೆ ಊದಿ ಹಾರಿಸಬೇಕು, ಹೊಸಕಿದ್ದರೆ ಕೂಡಲೇ ಸೋಪು ಹಚ್ಚಿ ತೊಳೆಯಬೇಕು, ಆ ಕೈಯನ್ನು ಕಣ್ಣಿಗೆ ಒಯ್ಯಬಾರದು.

ದೀಪದ ಮಾತು ಬಂತಲ್ಲ, ಜೇಡವನ್ನು ದೂರ ಇಡುವುದೂ ಅಲ್ಲಿಂದಲೇ ಶುರು. ಮೊದಲ ಮಳೆಯ ಮರುಸಂಜೆ ಜಗಲಿಯ ದೀಪಕ್ಕೆ ರೆಕ್ಕೆಗೆದ್ದಲು ಮುಕುರಿದಾಗ ಗೋಡೆಗಳನ್ನು ನೋಡಿ: ಹಲ್ಲಿ, ಕಪ್ಪೆ, ಜೇಡ ಎಲ್ಲವೂ ಪಂಕ್ತಿಗೆ ಕೂತಿರುತ್ತವೆ. ಹೊರಗಿನ ಬಿಳಿ ಬಲ್ಬು ತೆಗೆದು ಹಳದಿಯದು ಹಾಕಿ, ಬೇಡದಾಗ ಆರಿಸಿದರೆ ಹುಳ ಕಡಿಮೆ, ಅದನ್ನು ನಂಬಿದ ಜೇಡವೂ ಕಡಿಮೆ, ಪೀಡೆರಸ್ ಕಾಟವೂ ಕಡಿಮೆ. ಕಿಟಕಿಗೆ ಸೊಳ್ಳೆ ಜಾಲರಿ, ಬಾಗಿಲಡಿಗೆ ರಬ್ಬರು ಪಟ್ಟಿ, ಚರಂಡಿ ಕಿಂಡಿಗೆ ಸಣ್ಣ ತೂತಿನ ಮುಚ್ಚಳ. ಸೌದೆ, ತೆಂಗಿನ ಸಿಪ್ಪೆ, ಹಳೆ ಹೆಂಚಿನ ರಾಶಿಯನ್ನು ಗೋಡೆಗೆ ಒರಗಿಸದೆ ಒಂದಾಳು ನಡೆಯುವಷ್ಟು ದೂರ. ಸೌದೆ ತರುವಾಗ ಕೈಗವಸು. ಜಿರಳೆಗೆ ಹೊಡೆಯುವ ಔಷಧ ಜೇಡಕ್ಕೆ ಅಷ್ಟಾಗಿ ತಾಗುವುದಿಲ್ಲ. ಜಿರಳೆ ಕಾಲನ್ನೂ ಮೀಸೆಯನ್ನೂ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತ ವಿಷ ತಿನ್ನುತ್ತದೆ. ಜೇಡ ಕಾಲ ತುದಿಯಲ್ಲಷ್ಟೇ ನಡೆದು ದಾಟಿಬಿಡುತ್ತದೆ. ಹೊರಗೆ ಹಾಕಬೇಕೆನಿಸಿದ್ದಕ್ಕೆ ಗಾಜಿನ ಲೋಟ ಕವುಚಿ, ಹಳೆಯ ಮದುವೆ ಕರೆಯೋಲೆಯನ್ನು ಅಡಿಗೆ ತೂರಿಸಿದರೆ ಸಾಕು. ಆ ಗಟ್ಟಿ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಮರುಬಳಕೆ ನನಗೆ ಕಂಡಿಲ್ಲ.

ನಮಗೊಬ್ಬ ಸಹಾಯಕನೂ ಇದ್ದಾನೆ. ಜಗಲಿಯ ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕುಂಬಾರ ಹುಳ. ಖಾಲಿ ಬಿಟ್ಟುಹೋಯಿತೆಂದು ತೆಗೆದ ಗೂಡಿನ ಕೋಣೆಯೊಂದು ಮುಚ್ಚಿಯೇ ಇತ್ತು. ಒಡೆದಾಗ ಒತ್ತೊತ್ತಾಗಿ ತುರುಕಿದ ಸಣ್ಣ ಜೇಡಗಳು ಬಿದ್ದವು, ಸತ್ತಿರಲಿಲ್ಲ, ಕಾಲು ಅಲುಗಿಸಲಾರದೆ ಇದ್ದವು. ಚುಚ್ಚಿ ಮರಗಟ್ಟಿಸಿ ಮರಿಗೆ ಬುತ್ತಿಯಾಗಿ ಇಟ್ಟಿದ್ದು. ಹೆಚ್ಚಿನವು ತೋಟದ ದುಂಡು ಬಲೆಯವು, ಒಂದೆರಡು ನೆಗೆಯುವವು. ಬಚ್ಚಲಿನ ಹಂಟ್ಸ್‌ಮನ್ ಮಾತ್ರ ಈ ಹುಳಕ್ಕೆ ಹೊರಲಾರದ ಹೊರೆ.

ಕಚ್ಚಿಯೇ ಬಿಟ್ಟರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಕುಯ್ಯುವುದು, ಹೀರುವುದು, ಕಟ್ಟು ಬಿಗಿಯುವುದು ಬೇಡ. 2012ರ ಮೇ ತಿಂಗಳಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರೆಂದು ದೇಶವೆಲ್ಲ ಸುದ್ದಿಯಾದಾಗ, ವಿಷದಿಂದಲೇ ಸತ್ತರೆಂಬುದು ಸಾಬೀತಾಗಲಿಲ್ಲ. ಮೊದಲು ನಾಟಿಮದ್ದಿನವರು ಬ್ಲೇಡಿನಿಂದ ಗಾಯ ಕುಯ್ದಿದ್ದ ಮಾತೂ ಬಂದಿತ್ತು. ಬೆವರು, ಹೊಟ್ಟೆ-ಬೆನ್ನಿನ ಸೆಳೆತ, ಹರಡುತ್ತಿರುವ ನೋವು, ಅಥವಾ ದಿನದಿನಕ್ಕೆ ಕಪ್ಪಾಗುವ ಗುಳ್ಳೆ ಕಂಡರೆ ಆಸ್ಪತ್ರೆಗೆ ಹೋಗಲೇಬೇಕು, ಮಕ್ಕಳಾದರೆ ಕಾಯುವುದೇ ಬೇಡ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಲ್ಕು ಜಾತಿಯ ಹಾವುಗಳಿಗೆ ಮಾಡಿದ್ದು; ಜೇಡದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ, ಅದನ್ನೇ ಕೊಡಿ ಎಂದು ವೈದ್ಯರನ್ನು ಪೀಡಿಸಬಾರದು. ಚಿಕಿತ್ಸೆ ನೋವಿಗೆ, ಸೆಳೆತಕ್ಕೆ, ಗಾಯಕ್ಕೆ. ಕಚ್ಚಿದ ಜೇಡ ಸಿಕ್ಕರೆ, ಚಪ್ಪಲಿಯಲ್ಲಿ ಅರ್ಧ ಜಜ್ಜಿಹೋಗಿದ್ದರೂ, ಸಣ್ಣ ಡಬ್ಬಿಗೆ ಹಾಕಿ ಸ್ಪಿರಿಟ್ಟು ಸುರಿದು ಜೊತೆಗೆ ಒಯ್ಯಿರಿ. ತಿಂಗಳು ಬಿಟ್ಟು ನೋಡಿದರೂ ಗೊತ್ತಿದ್ದವರು ಅದರ ಹೆಸರು ಹೇಳಬಲ್ಲರು.